ಹೊರಗಿನ ಹೊಡೆತಕ್ಕೆ ಒಳಗಿನ ಶಿಸ್ತು ಏನು ಮಾಡುತ್ತೆ?

ಎಣ್ಣೆ ರೇಟು, ಸರ್ಕಾರದ ನಿಯಮ ಯಾವುದೂ ನಮ್ಮ ಕೈಯಲ್ಲಿಲ್ಲ, ಹಾಗಿದ್ದ ಮೇಲೆ ನಮ್ಮ ಚಕ್ಕುಲಿ ಘಟಕದಲ್ಲಿ ಶಿಸ್ತು, ಪದ್ಧತಿ ಅಂತ ಒದ್ದಾಡಿ ಏನು ಲಾಭ ಅಂತ ಕೇಳಿದ್ದೀರಿ. ಲಾಭ ಇದೆ. ಬೆಂಗಳೂರಿನ ಎಂ.ಟಿ.ಆರ್ ಕಥೆ ನೋಡಿ.

1924ರಲ್ಲಿ ಶುರುವಾದ ಹೋಟೆಲು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿದ್ದೇ ಹಾಗೆ ಅಂತ ಅವರು ಹೇಳುತ್ತಾರೆ. ಆಮೇಲೆ 1975ರ ತುರ್ತು ಪರಿಸ್ಥಿತಿ. ಹೋಟೆಲ್ ತಿಂಡಿಗೆ ಸರ್ಕಾರ ಕಟ್ಟಿದ ಬೆಲೆಯಲ್ಲಿ ಅವರ ಗುಣಮಟ್ಟ ಉಳಿಸೋದು ಕಷ್ಟವಾಯಿತು. ಸುಮ್ನೆ ತುಪ್ಪ ಕಡಿಮೆ ಮಾಡಿ, ಅಗ್ಗದ ಬೇಳೆ ಹಾಕಿ ನಡೆಸಬಹುದಿತ್ತು. ಅವರು ಹೋಟೆಲ್ಲನ್ನೇ ಮುಚ್ಚಿ, ಇಡ್ಲಿ-ದೋಸೆ ಮಿಕ್ಸ್, ಮಸಾಲೆ ಪುಡಿಗಳ ಕಡೆ ಹೊರಳಿದರು. ಹೋಟೆಲ್ ಮತ್ತೆ ತೆರೆದದ್ದು 1984ರಲ್ಲಿ.

ಬೆಲೆ ಮಿತಿ ಎಲ್ಲ ಹೋಟೆಲಿಗೂ ಒಂದೇ ಇತ್ತು, ಆದರೆ ಎಂ.ಟಿ.ಆರ್ ಕಟ್ಟಿದವರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದು, ಶುಚಿತ್ವಕ್ಕೆ ಜಾಸ್ತಿ ಒತ್ತು ಕೊಟ್ಟು, ಗಿರಾಕಿಗಳೇ ಅಡುಗೆಮನೆ ನೋಡಬಹುದು ಅನ್ನುವ ಪದ್ಧತಿ ಬೆಳೆಸಿದ್ದರಲ್ಲ, ಆ ನಂಬಿಕೆಯೇ ಆಮೇಲೆ ಪ್ಯಾಕೆಟ್ಟಿನ ಜೊತೆ ಮನೆಮನೆಗೆ ಹೋಯಿತು ಅಂತ ನನಗನ್ನಿಸುತ್ತದೆ. ಕಂಡಿರದ ಕೈ ಕಲೆಸಿದ ಹಿಟ್ಟನ್ನು ಯಾರು ಸುಮ್ನೆ ಕೊಳ್ಳುತ್ತಾರೆ ಹೇಳಿ?

ಎಣ್ಣೆ ರೇಟು ಏರಿದ ದಿನ ನಿಮ್ಮ ಬಾಣಲೆಯಲ್ಲಿ ಏನು ಬದಲಾಗುತ್ತೆ? ಹಳೇ ಎಣ್ಣೆಯನ್ನೇ ಇನ್ನೆರಡು ಸಲ ಕಾಯಿಸುತ್ತೀರಾ, ಇಲ್ಲ ಪ್ಯಾಕೆಟ್ ಚಿಕ್ಕದು ಮಾಡಿ ತೂಕವನ್ನು ಮೇಲೆಯೇ ಎದ್ದು ಕಾಣುವಂತೆ ಹಾಕುತ್ತೀರಾ? ಅದನ್ನು ಇವತ್ತೇ ಕೆಲಸದವರ ಜೊತೆ ಕೂತು ಮಾತಾಡಿ.