ಹೊಟ್ಟೆ ತುಂಬಿದೆ, ತೂಕ ಮಾತ್ರ ಅಲ್ಲೇ ಇದೆ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲೋ ಕಾರ್ಬ್ (ಅನ್ನ, ಸಕ್ಕರೆ ಥರದ ಕಾರ್ಬೋಹೈಡ್ರೇಟ್ ಕಡಿಮೆ ಮಾಡೋ ಡಯಟ್) ಬಗ್ಗೇನೇ ಇದ್ವು, ಹಾಗಾಗಿ ಮಿಕ್ಕಿದ್ದನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನ ಮಾತ್ರ ತಗೊಂಡಿದೀನಿ. ಪತ್ರಗಳನ್ನ ಸ್ವಲ್ಪ ಚಿಕ್ಕದು ಮಾಡಿದೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ ನಮಸ್ತೆ. ನಂಗೆ 38 ವರ್ಷ, ಶುರು ಮಾಡಿದಾಗ ತೂಕ 91 ಕೆಜಿ. ಅನ್ನ, ಬ್ರೆಡ್, ಸಕ್ಕರೆ, ಆಲೂಗಡ್ಡೆ ಎಲ್ಲಾ ಬಿಟ್ಟು ಎರಡು ತಿಂಗಳಾಯ್ತು. ಮೊದಲ ಹತ್ತು ದಿನಕ್ಕೇ ಮೂರೂವರೆ ಕೆಜಿ ಇಳೀತು, ಆಮೇಲೆ ಮುಳ್ಳು ಅಲ್ಲಾಡ್ತಾನೇ ಇಲ್ಲ. ಕಾಫಿಗೆ ಎರಡು ದೊಡ್ಡ ಚಮಚ ಬೆಣ್ಣೆ, ಬೆಣ್ಣೆಲಿ ಹುರಿದ ಮೂರು ಮೊಟ್ಟೆ, ಸಲಾಡಿಗೆ ಚೆನ್ನಾಗಿ ಆಲಿವ್ ಎಣ್ಣೆ, ನಡುವೆ ಹಸಿವಾದ್ರೆ ಬಾದಾಮಿ, ಚೀಸು. ಒಂದು ಚೂರು ಸಕ್ಕರೆ ಮುಟ್ಟಿಲ್ಲ. ಎಲ್ಲಿ ತಪ್ಪಾಗ್ತಿದೆ?

ಉತ್ತರ: ಮೊದಲು ಆ ಮೂರೂವರೆ ಕೆಜಿ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಅದನ್ನೇ ಅಳತೆಗೋಲು ಮಾಡ್ಕೊಂಡು ಕೊರಗ್ತಿದೀರ. ನಮ್ಮ ಲಿವರ್ರು, ಮಾಂಸಖಂಡ ಎರಡೂ ಸೇರಿ ಸುಮಾರು 400-500 ಗ್ರಾಂ ಗ್ಲೈಕೋಜನ್, ಅಂದ್ರೆ ಕಾರ್ಬಿನ ದಾಸ್ತಾನು, ಇಟ್ಕೊಂಡಿರತ್ವೆ, ಒಂದೊಂದು ಗ್ರಾಂ ಜೊತೆಗೂ ಹತ್ತಿರಹತ್ತಿರ 3 ಗ್ರಾಂ ನೀರು ಇರತ್ತೆ. ಕಾರ್ಬ್ ನಿಲ್ಲಿಸಿದಾಗ ಅದು ಖಾಲಿಯಾಗ್ತಾ ನೀರೂ ಹೋಗತ್ತೆ, ಇನ್ಸುಲಿನ್ ಕಡಿಮೆ ಆಗೋದ್ರಿಂದ ಕಿಡ್ನಿ ಉಪ್ಪನ್ನೂ ಜಾಸ್ತಿ ಹೊರಗೆ ಹಾಕತ್ತೆ, ಅದರ ಹಿಂದೆ ಇನ್ನಷ್ಟು ನೀರು. ಅಂದ್ರೆ ಆ ಹತ್ತು ದಿನದಲ್ಲಿ ಕರಗಿದ್ದು ಬಹುಪಾಲು ನೀರು, ಅದೇ ಸ್ಪೀಡಲ್ಲಿ ಕೊಬ್ಬು ಕರಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ಈಗ ನೀವು ಬರೆದಿರೋದನ್ನೇ ಕೂಡೋಣ. ಬೆಣ್ಣೆ ಒಂದು ದೊಡ್ಡ ಚಮಚ ಸುಮಾರು 100 ಕ್ಯಾಲೊರಿ, ಕಾಫಿಲಿ ಎರಡು ಅಂದ್ರೆ 200. ಮೂರು ಮೊಟ್ಟೆ 210, ಹುರಿಯೋಕೆ ಇನ್ನೊಂದು ಚಮಚ ಬೆಣ್ಣೆ, ಅಲ್ಲಿಗೆ 510. ಎಣ್ಣೆ ದೊಡ್ಡ ಚಮಚಕ್ಕೆ 120, "ಚೆನ್ನಾಗಿ" ಅಂದ್ರೆ ಮೂರು ಚಮಚ ಅಂತ ಇಟ್ಕೊಂಡ್ರೂ 360. ಬಾದಾಮಿ 60 ಗ್ರಾಮಿಗೆ 350, ಚೀಸು 60 ಗ್ರಾಮಿಗೆ 240. ಒಟ್ಟು 1460. ಇನ್ನೂ ನಿಮ್ಮ ಎರಡು ಹೊತ್ತಿನ ಊಟ ಲೆಕ್ಕಕ್ಕೇ ಬಂದಿಲ್ಲ ನೋಡಿ! ತಪ್ಪು ಅಂತ ನಾನು ಹೇಳಲ್ಲ, ನೀವು ಕಾರ್ಬ್ ಬಾಗಿಲಿಗೆ ಬೀಗ ಹಾಕಿ ಕೊಬ್ಬಿನ ಬಾಗಿಲು ಪೂರ್ತಿ ತೆಗೆದಿಟ್ಟಿದೀರ ಅಷ್ಟೇ. ಕಾರ್ಬು, ಪ್ರೊಟೀನು ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬು 9.

ಕೊಬ್ಬಿನ ಇನ್ನೊಂದು ಗುಣ ಏನಂದ್ರೆ ಅದು ಜಾಗ ತಗೊಳ್ಳಲ್ಲ. ಹೊಟ್ಟೆ ಹಿಗ್ಗಿದಾಗ ಅಲ್ಲಿಂದ ನರದ ಮೂಲಕ ಮೆದುಳಿಗೆ ಸುದ್ದಿ ಹೋಗತ್ತೆ, ಮೂರು ಚಮಚ ಎಣ್ಣೆಗೆ ಹೊಟ್ಟೆ ಎಲ್ಲಿ ಹಿಗ್ಗತ್ತೆ? ಅದೇ 360 ಕ್ಯಾಲೊರಿಗೆ ಸೌತೆಕಾಯಿ ತಿನ್ನೋದಾದ್ರೆ ಎರಡು ಕೆಜಿ ಮೇಲೆ ತಿನ್ಬೇಕು. ಕೊಬ್ಬು ಕರುಳಿಗೆ ಇಳಿದ ಮೇಲೆ ಹೊಟ್ಟೆ ಖಾಲಿಯಾಗೋದನ್ನ ನಿಧಾನ ಮಾಡತ್ತೆ ಅನ್ನೋದು ನಿಜ, ಹೊಟ್ಟೆ ಭಾರ ಅನ್ಸೋದು ಅದಕ್ಕೇ, ಆದ್ರೆ ಆ ಸುದ್ದಿ ತಲುಪೋ ಹೊತ್ತಿಗೆ ಬಾದಾಮಿ ಡಬ್ಬಿ ಅರ್ಧ ಆಗಿರತ್ತೆ.

ಬಾದಾಮಿ ಅಂದಾಗ ನಂದೇ ಒಂದು ಕಥೆ. "ಒಂದು ಹಿಡಿ ಬಾದಾಮಿ ತಿನ್ನಿ" ಅಂತ ವರ್ಷಗಟ್ಟಲೆ ಬಂದೋರಿಗೆಲ್ಲ ಹೇಳ್ತಿದ್ದವಳು ನಾನು, ಒಂದಿನ ಸುಮ್ನೆ ನನ್ನ ಹಿಡಿಯನ್ನ ಅಡುಗೆಮನೆ ತಕ್ಕಡಿಗೆ ಸುರಿದ್ರೆ 46 ಗ್ರಾಂ! ನನ್ನ ಚಾರ್ಟಲ್ಲಿ ಒಂದು ಹಿಡಿ ಅಂದ್ರೆ 28. ಆವತ್ತಿಂದ ಹಿಡಿ ಅನ್ನೋ ಪದ ಬಿಟ್ಟೆ, 20 ಬಾದಾಮಿ ಅಂತ ಎಣಿಸಿ ಹೇಳ್ತೀನಿ. (ಬಾದಾಮಿ ಪರವಾಗಿಯೂ ಒಂದು ಮಾತು: ಚೆನ್ನಾಗಿ ಅಗಿದ್ರೂ ಅದರ ಕೊಬ್ಬು ಪೂರ್ತಿ ಜೀರ್ಣ ಆಗಲ್ಲ, 2012ರಲ್ಲಿ ಅಳೆದು ನೋಡಿದಾಗ 28 ಗ್ರಾಮಿಗೆ ದೇಹಕ್ಕೆ ಸಿಕ್ಕಿದ್ದು ಸುಮಾರು 129 ಕ್ಯಾಲೊರಿ, ಪ್ಯಾಕೆಟ್ ಮೇಲಿನ ಲೆಕ್ಕಕ್ಕಿಂತ ಕಡಿಮೆ. ಆದ್ರೆ ಡಬ್ಬಿಗೆ ಕೈ ಹಾಕೋಕೆ ಅದು ಲೈಸೆನ್ಸ್ ಅಲ್ಲ.)

ನೀವು ಮಾಡ್ಬೇಕಾದ್ದು ಇಷ್ಟೇ. ಕಾಫಿ ಬೆಣ್ಣೆ ಇವತ್ತೇ ನಿಲ್ಲಿಸಿ. ಸಲಾಡ್ ಎಣ್ಣೆಯನ್ನ ಬಾಟ್ಲಿಯಿಂದ ಸುರೀಬೇಡಿ, ಚಮಚದಲ್ಲಿ ಅಳೆದು ಒಂದು ಹಾಕಿ. ಬೆಣ್ಣೆ, ಎಣ್ಣೆ, ಬೀಜಗಳು, ಚೀಸು, ಕೆನೆ, ಈ ಐದನ್ನ ಮಾತ್ರ ಎರಡು ವಾರ ತೂಗಿ, ಸೊಪ್ಪು ಸೌತೆಕಾಯಿ ತೂಗ್ತಾ ಕೂರ್ಬೇಡಿ, ಹುಚ್ಚು ಹಿಡಿಯತ್ತೆ.

ಪ್ರಶ್ನೆ: ನನ್ನ ಫ್ರೆಂಡ್ ಹೇಳ್ತಾನೆ, ಕಾರ್ಬ್ 20 ಗ್ರಾಂ ಒಳಗಿದ್ರೆ ಇನ್ಸುಲಿನ್ ಏರಲ್ಲ, ಇನ್ಸುಲಿನ್ ಇಲ್ದೆ ಕೊಬ್ಬು ಸೇರಲ್ಲ, ಹಾಗಾಗಿ ಎಷ್ಟು ಬೇಕಾದ್ರೂ ತಿನ್ಬಹುದು ಅಂತ. ಹೌದಾ?

ಉತ್ತರ: ಅಲ್ಲ. ಇನ್ಸುಲಿನ್ ಸೊನ್ನೆ ಅಂತೂ ಆಗಲ್ಲ, ಪ್ರೊಟೀನಿಗೂ ಅದು ಏರತ್ತೆ, ಮತ್ತೆ ತಿಂದ ಕೊಬ್ಬನ್ನ ಎತ್ತಿಡೋಕೆ ದೇಹಕ್ಕೆ ಅದು ತುಂಬಾ ಸ್ವಲ್ಪ ಇದ್ರೂ ಸಾಕು. ನಿಮ್ಮ ಫ್ರೆಂಡಿಗೆ ಎರಡು ಸ್ಟಡಿ ತೋರಿಸಿ. 2018ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರನ್ನ ಎರಡು ಗುಂಪು ಮಾಡಿ ಒಂದು ವರ್ಷ ನೋಡ್ತು: ಲೋ ಕಾರ್ಬಿನವರು ಸರಾಸರಿ 6 ಕೆಜಿ ಇಳಿದ್ರು, ಲೋ ಫ್ಯಾಟಿನವರು 5.3, ಅಂಕಿಅಂಶದ ಲೆಕ್ಕದಲ್ಲಿ ಅದು ವ್ಯತ್ಯಾಸವೇ ಅಲ್ಲ. 2021ರಲ್ಲಿ ಅಮೆರಿಕದ ಕೆವಿನ್ ಹಾಲ್ ತಂಡ 20 ಜನರನ್ನ ಒಳಗೇ ಇಟ್ಕೊಂಡು ಎರಡು ವಾರ ಕೀಟೋ ಥರದ (ಕಾರ್ಬ್ ತೀರಾ ಕಡಿಮೆ, ಕೊಬ್ಬು ಜಾಸ್ತಿ) ಊಟ, ಎರಡು ವಾರ ಕೊಬ್ಬು ತೀರಾ ಕಡಿಮೆ ಇರೋ ಸಸ್ಯಾಹಾರ ಕೊಡ್ತು, ಬೇಕಾದಷ್ಟು ತಿನ್ನಿ ಅಂತ. ಕಾರ್ಬ್ ಜಾಸ್ತಿ ಇದ್ದ ಆ ಸಸ್ಯಾಹಾರದಲ್ಲೇ ಜನ ದಿನಕ್ಕೆ ಸುಮಾರು 690 ಕ್ಯಾಲೊರಿ ಕಮ್ಮಿ ತಿಂದ್ರು, ಹಸಿವು ಮಾತ್ರ ಎರಡರಲ್ಲೂ ಒಂದೇ ಥರ ಅಂದ್ರು. ಎರಡೇ ವಾರದ ಪ್ರಯೋಗ ಅದು, ಅದನ್ನ ಹಿಡ್ಕೊಂಡು ಲೋ ಕಾರ್ಬ್ ದಂಡ ಅಂತ ಹೇಳೋಕೂ ಬರಲ್ಲ. ಆದ್ರೆ ಕಾರ್ಬ್ ಕಡಿಮೆ ಆದ ಮಾತ್ರಕ್ಕೆ ತಾನಾಗೇ ಕಮ್ಮಿ ತಿಂತೀವಿ ಅನ್ನೋದು ಎಲ್ಲರ ಮೇಲೂ ನಡೆಯಲ್ಲ ಅನ್ನೋದಂತೂ ಗೊತ್ತಾಗತ್ತೆ.

ಪ್ರಶ್ನೆ: ಊಟ ಮಾಡಿ ಎದ್ದಾಗ ಹೊಟ್ಟೆ ಬಿರಿಯೋ ಹಾಗಿರತ್ತೆ, ಒಂದು ಗಂಟೆ ಕಳೆದ್ರೆ ಮತ್ತೆ ಏನಾದ್ರೂ ಬೇಕು ಅನ್ಸತ್ತೆ. ದೊಡ್ಡ ಬೌಲ್ ಸೊಪ್ಪಿನ ಸಲಾಡು, ಅದರ ಮೇಲೆ ಸ್ವಲ್ಪ ಚೀಸ್ ತುರಿ, ಡ್ರೆಸಿಂಗು, ಇದು ನನ್ನ ಮಧ್ಯಾಹ್ನದ ಊಟ. ಇದು ಹಸಿವಾ, ಬಾಯಿ ಚಪಲಾನಾ?

ಉತ್ತರ: ಎರಡೂ ಇರಬಹುದು, ಪತ್ತೆ ಮಾಡೋಕೆ ಒಂದು ಸುಲಭ ದಾರಿ ಇದೆ. ಆ ಗಳಿಗೆಲಿ ಒಂದು ಬೇಯಿಸಿದ ಮೊಟ್ಟೆ, ಉಪ್ಪೂ ಇಲ್ದೆ, ಸಿಕ್ಕಿದ್ರೆ ತಿಂತೀರಾ? ತಿಂತೀನಿ ಅನ್ಸಿದ್ರೆ ಹಸಿವು, ತಿನ್ನಿ. "ಅದು ಬೇಡ, ಬೇರೆ ಏನಾದ್ರೂ" ಅನ್ಸಿದ್ರೆ ಅದು ನಾಲಿಗೆ ಮಾತಾಡ್ತಿರೋದು.

ಆದ್ರೆ ನಿಮ್ಮ ಬೌಲ್ ನೋಡಿದ್ರೆ ನಂಗೆ ನಿಜವಾದ ಹಸಿವೇ ಅನ್ಸತ್ತೆ. ಸೊಪ್ಪು ಹೊಟ್ಟೆ ಹಿಗ್ಗಿಸ್ತು, ಸರಿ, ಎದ್ದಾಗ ತುಂಬಿದ ಹಾಗಿತ್ತು. ಆದ್ರೆ ಹೊಟ್ಟೆ ತುಂಬೋದು ಬೇರೆ, ತುಂಬಿದ್ದು ನಿಲ್ಲೋದು ಬೇರೆ. ನಿಲ್ಲೋಕೆ ಬೇಕಾಗಿರೋದು ಮುಖ್ಯವಾಗಿ ಪ್ರೊಟೀನ್, ಅದು ಕರುಳು ತಲುಪಿದಾಗ ಸಾಕು ಅನ್ನೋ ಹಾರ್ಮೋನುಗಳು, ಅಂದ್ರೆ ಸಿಸಿಕೆ, ಪಿವೈವೈ, ಜಿಎಲ್‌ಪಿ-1, ಚೆನ್ನಾಗಿ ಏಳತ್ವೆ. ನಿಮ್ಮ ಬೌಲಲ್ಲಿ ಪ್ರೊಟೀನ್ ಹುಡುಕಿದ್ರೆ ಆ ತುರಿದ ಚೀಸಲ್ಲಿ ಐದಾರು ಗ್ರಾಂ ಇರಬಹುದೇನೋ.

2005ರ ಒಂದು ಪ್ರಯೋಗ ನಂಗೆ ತುಂಬಾ ಇಷ್ಟ. 19 ಜನರಿಗೆ ಕಾರ್ಬ್ ಪಾಲು ಹಾಗೇ 50 ಪರ್ಸೆಂಟ್ ಇಟ್ಟು, ಪ್ರೊಟೀನ್ ಮಾತ್ರ 15ರಿಂದ 30 ಪರ್ಸೆಂಟಿಗೆ ಏರಿಸಿ, ಕೊಬ್ಬು ಅಷ್ಟೇ ಇಳಿಸಿ, ಬೇಕಾದಷ್ಟು ತಿನ್ನಿ ಅಂದ್ರು. ಯಾರೂ ತಡೀದೇ ಇದ್ರೂ ದಿನಕ್ಕೆ ಸರಾಸರಿ 441 ಕ್ಯಾಲೊರಿ ಕಮ್ಮಿ ತಿಂದ್ರು. ಕಾರ್ಬ್ ಒಂದು ಗ್ರಾಮೂ ತೆಗೀಬೇಕು ಅಂತ ಹೋಗಿರಲಿಲ್ಲ ನೋಡಿ! ಲೋ ಕಾರ್ಬ್ ಮಾಡಿದಾಗ "ಹಸಿವೇ ಆಗಲ್ಲ" ಅಂತಾರಲ್ಲ, ಅದರ ದೊಡ್ಡ ಪಾಲು ಕ್ರೆಡಿಟ್ಟು ಪ್ರೊಟೀನಿಗೆ ಹೋಗ್ಬೇಕು ಅಂತ ನನ್ನ ಅನಿಸಿಕೆ. ಕೀಟೋಸಿಸ್, ಅಂದ್ರೆ ಕಾರ್ಬ್ ಸಿಗದೆ ದೇಹ ಕೊಬ್ಬಿನಿಂದ ಕೀಟೋನ್ ಮಾಡ್ಕೊಂಡು ಉರಿಸೋ ಸ್ಥಿತಿ, ಅದು ಕೂಡ ಹಸಿವನ್ನ ಸ್ವಲ್ಪ ಅದುಮತ್ತೆ, ಇಲ್ಲ ಅನ್ನಲ್ಲ.

ಇನ್ನೊಂದು ತಮಾಷೆ ಹೇಳ್ತೀನಿ. 1995ರಲ್ಲಿ ಸಿಡ್ನಿ ಯೂನಿವರ್ಸಿಟಿಲಿ ಸುಸಾನಾ ಹೋಲ್ಟ್ ಅನ್ನೋರು 38 ಆಹಾರಗಳನ್ನ ಒಂದೇ 240 ಕ್ಯಾಲೊರಿಯಷ್ಟು ಕೊಟ್ಟು ಎರಡು ಗಂಟೆ ತನಕ ಹೊಟ್ಟೆ ಎಷ್ಟು ತುಂಬಿದ ಹಾಗಿದೆ ಅಂತ ಕೇಳಿದ್ರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತ ಇಟ್ಕೊಂಡ್ರೆ ಮೀನಿಗೆ 225, ಮೊಟ್ಟೆಗೆ 150, ಬೆಣ್ಣೆ ತುಂಬಿರೋ ಕ್ರೋಸಾಂಗೆ 47, ಕೊನೇ ಸ್ಥಾನ. ಮೊದಲು ಬಂದಿದ್ದು ಯಾವುದು ಗೊತ್ತಾ, ನಾವೆಲ್ಲ ಮೊದಲ ದಿನಾನೇ ತಟ್ಟೆಯಿಂದ ಓಡಿಸೋ ಬೇಯಿಸಿದ ಆಲೂಗಡ್ಡೆ, 323! ನೀರು, ಗಾತ್ರ, ಪ್ರೊಟೀನ್, ನಾರು ಹೊಟ್ಟೆ ತುಂಬಿಸತ್ವೆ, ಎಣ್ಣೆ ತುಂಬಿಸಲ್ಲ.

ನಿಮ್ಮ ಸೊಪ್ಪಿನ ಬೌಲ್ ಹಾಗೇ ಇರಲಿ, ಅದಕ್ಕೆ 100 ಗ್ರಾಂ ಬೇಯಿಸಿದ ಚಿಕನ್ ಎದೆಭಾಗ ಹಾಕಿ, 31 ಗ್ರಾಂ ಪ್ರೊಟೀನ್, 165 ಕ್ಯಾಲೊರಿ ಅಷ್ಟೇ. ಇಲ್ಲಾಂದ್ರೆ ಮೀನು, ಇಲ್ಲಾಂದ್ರೆ ಎರಡು ಮೊಟ್ಟೆ ಜೊತೆ ಗಟ್ಟಿ ಮೊಸರು. ಊಟಕ್ಕೆ 25-30 ಗ್ರಾಂ ಪ್ರೊಟೀನ್ ಬರೋ ಹಾಗೆ ನೋಡ್ಕೊಂಡು ಹದಿನೈದು ದಿನ ಆದ ಮೇಲೆ ಬರೀರಿ. ಮತ್ತೆ ಪ್ರೊಟೀನನ್ನ ಮೊದಲು ತಿನ್ನಿ, ನಿಧಾನಕ್ಕೆ ತಿನ್ನಿ, ಐದು ನಿಮಿಷಕ್ಕೆ ತಟ್ಟೆ ಖಾಲಿ ಮಾಡಿದ್ರೆ ಹಾರ್ಮೋನ್ ಪಾಪ ಏನ್ ಮಾಡತ್ತೆ.

ಪ್ರಶ್ನೆ: ಎಲ್ಲರದೂ ಒಂದು ಸಮಸ್ಯೆ ಆದ್ರೆ ನಂದು ಉಲ್ಟಾ. ಹಸಿವೇ ಆಗಲ್ಲ. ದಿನಕ್ಕೆ ಒಂದೇ ಊಟ, ಅದೂ ಅರ್ಧಕ್ಕೇ ಸಾಕಾಗತ್ತೆ. ಮೂರು ತಿಂಗಳಲ್ಲಿ 13 ಕೆಜಿ ಇಳಿದೆ, ಖುಷಿಲೇ ಇದ್ದೆ, ಆದ್ರೆ ಈಗ ಕೂದಲು ಗೊಂಚಲು ಗೊಂಚಲಾಗಿ ಬರ್ತಿದೆ, ಚಳಿ ತಡ್ಕೊಳ್ಳೋಕೆ ಆಗ್ತಿಲ್ಲ, ಎರಡು ಸಲ ಮುಟ್ಟು ಬಂದಿಲ್ಲ. ವಯಸ್ಸು 29.

ಉತ್ತರ: ಈ ಪತ್ರ ಓದಿ ನಂಗೆ ಸ್ವಲ್ಪ ಗಾಬರಿ ಆಯ್ತು. ಹಸಿವಿಲ್ಲ ಅಂದ್ರೆ ದೇಹಕ್ಕೆ ಸಾಕಾಗಿದೆ ಅಂತ ಅಲ್ಲಮ್ಮ. ನೀವು ಬರೆದಿರೋ ಪ್ರಮಾಣ ನೋಡಿದ್ರೆ ದಿನಕ್ಕೆ 700-800 ಕ್ಯಾಲೊರಿ ದಾಟಲ್ಲ, ಡಾಕ್ಟರ ಗಮನ ಇಲ್ದೆ ಹೆಂಗಸರು 1200ಕ್ಕಿಂತ ಕೆಳಗೆ ಹೋಗ್ಬಾರ್ದು ಅಂತ ಸಾಮಾನ್ಯವಾಗಿ ಹೇಳ್ತೀವಿ. ಕೂದಲು ಉದುರೋದು ದೇಹಕ್ಕೆ ಪೆಟ್ಟು ಬಿದ್ದ ಎರಡು ಮೂರು ತಿಂಗಳಿಗೆ ಶುರುವಾಗತ್ತೆ, ನಿಮ್ಮ ಲೆಕ್ಕ ಸರಿಯಾಗಿ ಅಲ್ಲಿಗೇ ಬರತ್ತೆ. ಸಾಕಷ್ಟು ತಿನ್ನೋಕೆ ಶುರು ಮಾಡಿದ್ರೆ ಸಾಮಾನ್ಯವಾಗಿ ವಾಪಸ್ ಬೆಳೆಯತ್ತೆ, ತಡ ಆಗತ್ತೆ ಅಷ್ಟೇ. ಮುಟ್ಟು ನಿಂತಿರೋದಕ್ಕೆ ಮಾತ್ರ ಈ ಅಂಕಣ ಸಾಲದು, ಈ ವಾರಾನೇ ಡಾಕ್ಟರ್ ಹತ್ರ ಹೋಗಿ, ಬಸಿರಿನ ಟೆಸ್ಟು, ಥೈರಾಯ್ಡು, ರಕ್ತ ಎಲ್ಲಾ ನೋಡ್ತಾರೆ. ಇಷ್ಟು ಬೇಗ ತೂಕ ಇಳಿದ್ರೆ ಪಿತ್ತಕೋಶದಲ್ಲಿ ಕಲ್ಲಾಗೋ ಸಂಭವಾನೂ ಜಾಸ್ತಿ, ಬಲಗಡೆ ಪಕ್ಕೆ ಕೆಳಗೆ ನೋವು ಬಂದ್ರೆ ಅದನ್ನೂ ಹೇಳಿ.

ಊಟದ ಮಟ್ಟಿಗೆ, ಮೇಲಿನ ಓದುಗರಿಗೆ ಏನೇನು ಬೇಡ ಅಂದ್ನೋ ಅದೆಲ್ಲ ನಿಮಗೆ ಬೇಕು. ಎಣ್ಣೆ ಧಾರಾಳವಾಗಿ ಹಾಕಿ, ಬೀಜಗಳನ್ನ ತಿನ್ನಿ, ಕೆನೆ ಹಾಕಿದ ಮೊಸರು ತಿನ್ನಿ, ಸೊಪ್ಪಿನ ರಾಶಿ ಕಡಿಮೆ ಮಾಡಿ, ಯಾಕಂದ್ರೆ ನಿಮ್ಮ ಹೊಟ್ಟೆಲಿರೋ ಚಿಕ್ಕ ಜಾಗವನ್ನ ಅದು ನುಂಗಿಹಾಕ್ತಿದೆ. ಹಸಿವು ಕರೆಯೋ ತನಕ ಕಾಯ್ಬೇಡಿ, ಗಡಿಯಾರ ನೋಡ್ಕೊಂಡು ಮೂರು ಹೊತ್ತು ತಿನ್ನಿ. ತಿನ್ನೋಕೆ ಭಯ ಆಗ್ತಿದ್ರೆ, ಮುಳ್ಳು ಏರತ್ತೆ ಅಂತ ನಿದ್ದೆ ಕೆಡ್ತಿದ್ರೆ, ಅದನ್ನೂ ಡಾಕ್ಟರ ಹತ್ರ ಮುಚ್ಚಿಡದೆ ಹೇಳಿ.

ಪ್ರಶ್ನೆ: ಮಾಂಸ ಮೊಟ್ಟೆ ಎರಡೂ ತಿನ್ನಲ್ಲ. ಬೇಳೆಕಾಳು ತಿಂದ್ರೆ ಕಾರ್ಬ್ ಏರತ್ತೆ. ನಮ್ಮಂಥೋರು ಏನ್ ಮಾಡೋದು?

ಉತ್ತರ: 20 ಗ್ರಾಮಿನ ಹಟ ಬಿಡೋದು. ದಿನಕ್ಕೆ 130 ಗ್ರಾಂ ಕಾರ್ಬಿಗಿಂತ ಕಡಿಮೆ ಇದ್ರೂ ಲೋ ಕಾರ್ಬ್ ಅಂತಾನೇ ಕರೀತಾರೆ, ಅಷ್ಟು ಸಡಿಲ ಇದ್ರೆ ಕಾಳಿಗೆ ಜಾಗ ಸಿಗತ್ತೆ. ಬೇಯಿಸಿದ ಮಸೂರ 100 ಗ್ರಾಮಲ್ಲಿ ಕಾರ್ಬ್ 20 ಗ್ರಾಂ ಇರೋದು ನಿಜ, ಆದ್ರೆ ಅದರಲ್ಲಿ 8 ಗ್ರಾಂ ಬರೀ ನಾರು, ಜೊತೆಗೆ 9 ಗ್ರಾಂ ಪ್ರೊಟೀನ್, ಹೊಟ್ಟೆ ತುಂಬಿದ್ದನ್ನ ನಿಲ್ಲಿಸೋ ವಿಷಯದಲ್ಲಿ ಚೀಸಿಗಿಂತ ನಾನು ಇದನ್ನೇ ನಂಬ್ತೀನಿ. ಅದರ ಜೊತೆ ಗಟ್ಟಿ ಟೋಫು, ನೀರು ಬಸಿದ ಮೊಸರು ಇಟ್ಕೊಳ್ಳಿ.

ಪ್ರಶ್ನೆ: ಶುಗರ್ ಇದೆ, ಮಾತ್ರೆ ತಗೋತೀನಿ, ರಾತ್ರಿ ಇನ್ಸುಲಿನ್ ಕೂಡ. ಲೋ ಕಾರ್ಬ್ ಶುರು ಮಾಡಿ ಐದು ದಿನ. ಸಾಯಂಕಾಲ ಎಲ್ಲಿಲ್ಲದ ಹಸಿವು, ಕೈ ನಡುಗತ್ತೆ, ಬೆವರತ್ತೆ. ನೀರು ಕುಡಿದು ತಡ್ಕೋತಿದೀನಿ, ಎಷ್ಟು ದಿನಕ್ಕೆ ಅಭ್ಯಾಸ ಆಗತ್ತೆ?

ಉತ್ತರ: ತಡ್ಕೋಬೇಡಿ! ಇದು ಡಯಟ್ಟಿನ ಹಸಿವಲ್ಲ, ಶುಗರ್ ಕೆಳಗೆ ಬೀಳ್ತಿರೋ ಲಕ್ಷಣ. ಊಟದಲ್ಲಿ ಕಾರ್ಬ್ ಇಳಿಸಿದ್ರಿ, ಔಷಧಿ ಡೋಸ್ ಹಳೇದೇ ಇದೆ. ಹಾಗಾದ ತಕ್ಷಣ ಗ್ಲುಕೋಮೀಟರಲ್ಲಿ ನೋಡಿ, 70ಕ್ಕಿಂತ ಕೆಳಗಿದ್ರೆ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ನೀರಲ್ಲಿ ಕರಗಿಸಿ ಕುಡೀರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದೇ ಇದ್ರೆ ಇನ್ನೊಂದು ಸಲ. ಮೀಟರ್ ಹತ್ರ ಇಲ್ದಿದ್ರೆ ಕಾಯದೆ ಸಕ್ಕರೆ ತಗೊಳ್ಳಿ, ಆ ಹೊತ್ತಲ್ಲಿ ಕಾರ್ಬ್ ಲೆಕ್ಕ ಕಟ್ಕೊಂಡು ಏನಾಗ್ಬೇಕು. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಊಟ ಬದಲಾಯಿಸಿರೋದನ್ನ ಹೇಳಿ, ಇವತ್ತು ರಾತ್ರಿ ಎಷ್ಟು ಇನ್ಸುಲಿನ್ ಅಂತ ಅವರನ್ನ ಕೇಳದೆ ಮಲಗ್ಬೇಡಿ. ಮಾತ್ರೆಗಳ ಹೆಸರನ್ನೂ ಒಂದೊಂದಾಗಿ ಓದಿ ಹೇಳಿ, ಯಾಕಂದ್ರೆ ಕೆಲವು ಶುಗರ್ ಬೀಳಿಸೋ ಮಾತ್ರೆ, ಇನ್ನು ಹೆಸರಿನ ಕೊನೆಗೆ "ಗ್ಲಿಫ್ಲೋಜಿನ್" ಅಂತ ಬರೋವು ಇದಾವಲ್ಲ, ಅವುಗಳ ಜೊತೆ ಕಾರ್ಬ್ ತೀರಾ ಇಳಿಸಿದ್ರೆ ಕೀಟೋಅಸಿಡೋಸಿಸ್ (ಕೀಟೋನ್ ತುಂಬಿ ರಕ್ತ ಆಮ್ಲ ಆಗೋದು) ಅನ್ನೋ ಅಪಾಯ ಇದೆ, ಅದು ಶುಗರ್ ನಾರ್ಮಲ್ ಹತ್ರ ಇದ್ದಾಗಲೂ ಬರಬಹುದು. ವಾಂತಿ, ಹೊಟ್ಟೆನೋವು, ಉಸಿರು ಜೋರಾಗೋದು ಕಂಡ್ರೆ ಫೋನ್ ಮಾಡ್ತಾ ಕೂರ್ಬೇಡಿ, ನೇರ ಆಸ್ಪತ್ರೆಗೆ ಹೊರಡಿ.