ಓದುಗರ ಪ್ರಶ್ನೆ, ನಮ್ಮ ಉತ್ತರ: ಕರ್ನಲ್ ಕೌಂಟರಿನಲ್ಲಿ ತಡವರಿಸುವ ಪ್ರೋಗ್ರಾಂಗಳು

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಲಿನಕ್ಸ್‌ನ ಸಿಸ್ಟಂ ಕಾಲ್‌ಗಳ ಸುತ್ತಲಿನವು. ಫೈಲಿಗೆ ಬರೆಯುವಂಥ ಕೆಲಸಕ್ಕೆ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಕೊಡುವ ಕರೆಯೇ ಸಿಸ್ಟಂ ಕಾಲ್. ಕಮಾಂಡುಗಳನ್ನೂ ರಿಜಿಸ್ಟರುಗಳ (ಪ್ರೊಸೆಸರ್ ಒಳಗಿನ ಪುಟ್ಟ ಖಾನೆಗಳ) ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಪ್ರಶ್ನೆ: ಅಸೆಂಬ್ಲಿಯಲ್ಲಿ ‘ನಮಸ್ಕಾರ’ ಎಂದು ತೋರಿಸುವ ಪುಟ್ಟ ಪ್ರೋಗ್ರಾಂ ಬರೆದೆ. ಇಎಎಕ್ಸ್‌ನಲ್ಲಿ 4 ಇಟ್ಟು ಇಂಟ್ 80ಎಚ್ ಕೊಟ್ಟರೆ ಸರಿಯಾಗಿ ಓಡುತ್ತದೆ. ಅದು ಹಳೇ ಪದ್ಧತಿ ಎಂದು ಸೀನಿಯರ್ ಹೇಳಿದ್ದಕ್ಕೆ ಬರೆಯುವಲ್ಲೂ ಮುಗಿಸುವಲ್ಲೂ ಇಂಟ್ 80ಎಚ್ ತೆಗೆದು ಸಿಸ್ಕಾಲ್ ಹಾಕಿದೆ, ಬೇರೇನೂ ಮುಟ್ಟಿಲ್ಲ. ಈಗ ಅಕ್ಷರವೂ ಬರದೆ ಸೆಗ್ಮೆಂಟೇಷನ್ ಫಾಲ್ಟ್ ಎಂದು ಪ್ರೋಗ್ರಾಂ ಕುಸಿಯುತ್ತಿದೆ.
— ಬಿಇ ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ಬೇರೇನೂ ಮುಟ್ಟದಿದ್ದದ್ದೇ ತೊಂದರೆ. ಈ ಎರಡು ಸೂಚನೆಗಳು ಕರ್ನಲ್‌ನ ಎರಡು ಬೇರೆ ಬಾಗಿಲುಗಳು. ಒಂದೊಂದಕ್ಕೂ ಅದರದೇ ನಂಬರ್ ಪಟ್ಟಿ, ಅದರದೇ ರಿಜಿಸ್ಟರುಗಳು. ಇಂಟ್ 80ಎಚ್ ಎಂದರೆ 32 ಬಿಟ್ ಪಟ್ಟಿ: ರೈಟ್ (ಬರೆಯುವ ಕಾಲ್) 4, ಎಕ್ಸಿಟ್ (ಮುಗಿಸುವ ಕಾಲ್) 1. ಸಿಸ್ಕಾಲ್ ಎಂದರೆ 64 ಬಿಟ್ ಪಟ್ಟಿ: ರೀಡ್ 0, ರೈಟ್ 1, ಎಕ್ಸಿಟ್ 60. ಇಲ್ಲಿ 4 ಅಂದರೆ ಸ್ಟ್ಯಾಟ್, ಅಂದರೆ ಫೈಲಿನ ವಿವರ ಕೇಳುವ ಕಾಲ್.

ನಿಮ್ಮ ಪ್ರೋಗ್ರಾಂ ಮಾಡಿದ್ದಿಷ್ಟು. ಮೊದಲು ಸ್ಟ್ಯಾಟ್ ಕೇಳಿತು. ಫೈಲಿನ ಹೆಸರಿನ ವಿಳಾಸವನ್ನು ಕರ್ನಲ್ ಆರ್‌ಡಿಐನಲ್ಲಿ ಹುಡುಕುತ್ತದೆ. ನೀವು ತುಂಬಿದ್ದು ಇಬಿಎಕ್ಸ್, ಇಸಿಎಕ್ಸ್, ಇಡಿಎಕ್ಸ್. ಆರ್‌ಡಿಐ ಸೊನ್ನೆಯಾಗೇ ಉಳಿದಿತ್ತು, ಹಾಗಾಗಿ -14, ಅಂದರೆ ‘ಕೆಟ್ಟ ವಿಳಾಸ’. ಆಮೇಲೆ ಎಕ್ಸಿಟ್ ಎಂದುಕೊಂಡು ನೀವು ಕೊಟ್ಟ 1 ಇಲ್ಲಿ ರೈಟ್ ಆಯಿತು, ಅದಕ್ಕೂ ವಿಳಾಸ ಸೊನ್ನೆ, ಅದೂ ಸೋತಿತು. ಪ್ರೋಗ್ರಾಂ ಮುಗಿಯಲೇ ಇಲ್ಲ. ಪ್ರೊಸೆಸರ್ ನಿಮ್ಮ ಕೋಡಿನ ಕೊನೆ ದಾಟಿ ಮುಂದೆ ಸಿಕ್ಕಿದ್ದನ್ನೆಲ್ಲ ಸೂಚನೆ ಎಂದು ಓದತೊಡಗಿತು. ಫಾಲ್ಟ್ ಬಂದದ್ದು ಅಲ್ಲಿ.

ಸರಿಪಡಿಸಲು: ಆರ್‌ಎಎಕ್ಸ್‌ಗೆ 1, ಆರ್‌ಡಿಐಗೆ 1 (ಪರದೆ), ಆರ್‌ಎಸ್‌ಐಗೆ ಸಂದೇಶದ ವಿಳಾಸ, ಆರ್‌ಡಿಎಕ್ಸ್‌ಗೆ ಉದ್ದ. ಮುಗಿಸಲು ಆರ್‌ಎಎಕ್ಸ್‌ಗೆ 60, ಆರ್‌ಡಿಐಗೆ 0. ಉದ್ದ ಎಣಿಸುವಾಗ ಎಚ್ಚರ. ‘ನಮಸ್ಕಾರ’ ನಾಲ್ಕು ಅಕ್ಷರವಾಗಿ ಕಂಡರೂ ಯುನಿಕೋಡ್‌ನಲ್ಲಿ ಏಳು ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21. ಹೊಸ ಸಾಲಿನದ್ದೂ ಸೇರಿದರೆ 22. ರೈಟ್‌ಗೆ ಬೇಕಾದದ್ದು ಬೈಟ್ ಲೆಕ್ಕ, ಅಕ್ಷರದ ಲೆಕ್ಕವಲ್ಲ.

ನಾಲ್ಕನೆಯ ಆರ್ಗ್ಯುಮೆಂಟ್ ಬಂದಾಗ ಇನ್ನೊಂದು ಕಡೆ ಎಡವುತ್ತೀರಿ. ಸಿ ಫಂಕ್ಷನ್‌ಗಳಿಗೆ ಅದು ಆರ್‌ಸಿಎಕ್ಸ್‌ನಲ್ಲಿ ಹೋದರೆ ಸಿಸ್ಟಂ ಕಾಲ್‌ಗೆ ಆರ್10ರಲ್ಲಿ ಹೋಗಬೇಕು. ಸಿಸ್ಕಾಲ್ ಸೂಚನೆ ವಾಪಸು ಬರಬೇಕಾದ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲೂ ಫ್ಲ್ಯಾಗುಗಳನ್ನು ಆರ್11ರಲ್ಲೂ ಬರೆದುಬಿಡುತ್ತದೆ. ಅಲ್ಲಿ ನೀವಿಟ್ಟದ್ದು ಉಳಿಯುವುದಿಲ್ಲ. ಅಂದಹಾಗೆ, ಸಾಮಾನ್ಯ ಆಂಡ್ರಾಯ್ಡ್ ಫೋನಿನ 64 ಬಿಟ್ ಆರ್ಮ್ ಪ್ರೊಸೆಸರಿನಲ್ಲಿ ಇದ್ಯಾವುದೂ ನಡೆಯದು. ಅಲ್ಲಿ ನಂಬರ್ ಎಕ್ಸ್8ರಲ್ಲಿ, ಸೂಚನೆ ಎಸ್‌ವಿಸಿ, ರೈಟ್‌ನ ನಂಬರ್ 64.

ಪ್ರಶ್ನೆ: ನಮ್ಮ ವರ್ಕ್‌ಶಾಪಿನ ಯಂತ್ರಗಳ ರೀಡಿಂಗನ್ನು ಫೈಲಿಗೆ ಬರೆಯುವ ಸಿ ಪ್ರೋಗ್ರಾಂ ಇದೆ. ಟಾಪ್ ಕಮಾಂಡಿನಲ್ಲಿ ನೋಡಿದರೆ ಸಿಪಿಯು ಸಮಯದ ಬಹುಪಾಲು ‘ಎಸ್‌ವೈ’ ಕಾಲಂನಲ್ಲಿದೆ. ಸಾಲದ್ದಕ್ಕೆ ಕರೆಂಟ್ ಹೋದಾಗ ಕೊನೆಯ ಕೆಲವು ಸಾಲುಗಳು ಮಾಯ. ಎರಡೂ ಒಂದೇ ದೋಷವೇ?
— ಪೀಣ್ಯದಿಂದ ಒಬ್ಬರು

ಉತ್ತರ: ಎರಡು ಬೇರೆ ದೋಷ. ಒಂದಕ್ಕೆ ಮದ್ದು ಕೊಟ್ಟರೆ ಇನ್ನೊಂದು ಕೆರಳಬಹುದು, ಆದ್ದರಿಂದ ಎರಡನ್ನೂ ಒಟ್ಟಿಗೇ ನೋಡಿ.

‘ಎಸ್‌ವೈ’ ಎಂದರೆ ಕರ್ನಲ್ ಒಳಗೆ ಕಳೆದ ಸಮಯ. ಊಹಿಸುತ್ತ ಕೂರಬೇಡಿ, ಸಿಸ್ಟಂ ಕಾಲ್‌ಗಳನ್ನು ಗಮನಿಸುವ ಎಸ್‌ಟ್ರೇಸ್ ಕಮಾಂಡಿನಿಂದ ಎಣಿಸಿ. ಸುಡೋ ಎಸ್‌ಟ್ರೇಸ್ -ಸಿ -ಎಫ್ -ಪಿ ಎಂದು ಕೊಟ್ಟು ಮುಂದೆ ಪ್ರೋಗ್ರಾಂನ ಪಿಐಡಿ (ಗುರುತಿನ ಸಂಖ್ಯೆ) ಹಾಕಿ, ಹತ್ತು ಸೆಕೆಂಡ್ ಬಿಟ್ಟು ಕಂಟ್ರೋಲ್-ಸಿ ಒತ್ತಿ. ಪ್ರೋಗ್ರಾಂ ನಿಲ್ಲುವುದಿಲ್ಲ, ಎಸ್‌ಟ್ರೇಸ್ ಮಾತ್ರ ಬಿಟ್ಟುಕೊಟ್ಟು ಯಾವ ಕಾಲ್ ಎಷ್ಟು ಸಲ ಆಯಿತೆಂಬ ಪಟ್ಟಿ ಕೊಡುತ್ತದೆ. ಉಬುಂಟುವಿನಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಇಲ್ಲದೆ ಓಡುತ್ತಿರುವ ಪ್ರೋಗ್ರಾಂಗೆ ಹೀಗೆ ಅಂಟಿಕೊಳ್ಳಲು ಬಿಡುವುದಿಲ್ಲ. ತುಂಬ ಹೊತ್ತು ಬಿಡಬೇಡಿ: ಪ್ರತಿ ಕಾಲ್‌ಗೂ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಪ್ರೋಗ್ರಾಂ ತಡೆಯಲ್ಪಡುತ್ತದೆ, ಯಂತ್ರದ ರೀಡಿಂಗ್ ತಪ್ಪಿಹೋದೀತು.

ರೈಟ್‌ನ ಸಂಖ್ಯೆ ಸಾಲುಗಳ ಸಂಖ್ಯೆಗಿಂತ ಹತ್ತಾರು ಪಟ್ಟು ಇದ್ದರೆ ಒಂದೊಂದೇ ಬೈಟ್ ಬರೆಯುತ್ತಿದ್ದೀರಿ ಎಂದರ್ಥ. ದರ್ಶಿನಿಯಲ್ಲಿ ಎಂಟು ಇಡ್ಲಿಗೆ ಎಂಟು ಸಲ ಕ್ಯೂ ನಿಂತು ಎಂಟು ಟೋಕನ್ ತಗೊಂಡ ಹಾಗೆ; ಇಡ್ಲಿಗಿಂತ ಕ್ಯೂ ಹೆಚ್ಚು. ಕಣ್ಣಾರೆ ನೋಡಬೇಕಿದ್ದರೆ ನಕಲು ಮಾಡುವ ಡಿಡಿ ಕಮಾಂಡಿನಲ್ಲಿ ಡೆವ್ ಜೀರೋದಿಂದ (ಸೊನ್ನೆಗಳನ್ನೇ ಕೊಡುವ ಫೈಲು) ಡೆವ್ ನಲ್‌ಗೆ (ಬಂದದ್ದನ್ನೆಲ್ಲ ಎಸೆಯುವ ಫೈಲು) ಬಿಎಸ್=1 (ಒಂದು ಸಲಕ್ಕೆ ಒಂದು ಬೈಟ್), ಕೌಂಟ್=1000000 ಕೊಡಿ; ಆಮೇಲೆ ಬಿಎಸ್=1000, ಕೌಂಟ್=1000 ಕೊಡಿ. ಸಾಗಿದ್ದು ಅದೇ ಹತ್ತು ಲಕ್ಷ ಬೈಟ್. ಮೊದಲನೆಯದರಲ್ಲಿ ಹತ್ತು ಲಕ್ಷ ರೀಡ್, ಹತ್ತು ಲಕ್ಷ ರೈಟ್. ಎರಡನೆಯದರಲ್ಲಿ ಸಾವಿರ ಸಾವಿರ. ಹಿಡಿದ ಸಮಯವನ್ನು ಡಿಡಿಯೇ ಹೇಳುತ್ತದೆ.

ಮದ್ದು ಸುಲಭ: ನೇರ ರೈಟ್ ಬಿಟ್ಟು ಎಫ್‌ಪ್ರಿಂಟ್‌ಎಫ್ ಬಳಸಿ, ಸಿ ಲೈಬ್ರರಿ ತನ್ನ ಬಫರಿನಲ್ಲಿ (ಪ್ರೋಗ್ರಾಂ ಮೆಮರಿಯ ತಾತ್ಕಾಲಿಕ ಜಾಗ) ಕೂಡಿಟ್ಟು ಒಟ್ಟಿಗೆ ಕಳಿಸುತ್ತದೆ. ಎರಡನೇ ದೋಷ ಕೆರಳುವುದು ಇಲ್ಲೇ. ನಿಮ್ಮ ಸಾಲು ಈಗ ಮೂರು ಕಡೆ ಇರಬಹುದು. ಲೈಬ್ರರಿ ಬಫರಿನಲ್ಲಿದ್ದರೆ, ಪ್ರೋಗ್ರಾಂ ಕುಸಿದರೆ ಸಾಕು, ಹೋಯಿತು. ಎಫ್‌ಫ್ಲಶ್ ಮಾಡಿದರೆ ಕರ್ನಲ್‌ನ ಪೇಜ್ ಕ್ಯಾಶ್‌ಗೆ (ಡಿಸ್ಕಿಗೆ ಹೋಗುವ ಮುನ್ನ ಮೆಮರಿಯಲ್ಲಿ ಕಾಯುವ ಜಾಗ) ಸೇರುತ್ತದೆ. ಪ್ರೋಗ್ರಾಂ ಸತ್ತರೂ ಅಲ್ಲಿರುತ್ತದೆ, ಕರೆಂಟ್ ಹೋದರೆ ಇಲ್ಲ. ಎಫ್‌ಸಿಂಕ್ ಅಥವಾ ಎಫ್‌ಡೇಟಾಸಿಂಕ್ ಯಶಸ್ವಿಯಾಗಿ ಮರಳಿದ ಮೇಲಷ್ಟೇ ಡಿಸ್ಕಿಗೆ ಸೇರಿತೆನ್ನಬಹುದು. ರೈಟ್ ‘ಆಯಿತು’ ಎಂದದ್ದು ಎರಡನೇ ಜಾಗಕ್ಕೆ ಮಾತ್ರ ಅನ್ವಯ. ಅಲ್ಲಿ ಬರೆದದ್ದು ಹಳತಾಯಿತೆಂದು ಕರ್ನಲ್ ತಾನಾಗಿ ಡಿಸ್ಕಿಗೆ ಕಳಿಸಲು ಹೊರಡುವ ಡಿಫಾಲ್ಟ್ ಅವಧಿ 30 ಸೆಕೆಂಡ್. ನಿಮ್ಮ ಸಾಲುಗಳು ಮಾಯವಾದದ್ದು ಈ ಸಂದಿನಲ್ಲಿ.

ಸೆಕೆಂಡಿಗೊಂದು ಸಾಲಿನ ಲಾಗ್‌ಗೆ ನಮ್ಮ ಸಲಹೆ: ಪ್ರತಿ ಸಾಲಿಗೂ ಎಫ್‌ಫ್ಲಶ್, ಐದು ಅಥವಾ ಹತ್ತು ಸೆಕೆಂಡಿಗೊಮ್ಮೆ ಎಫ್‌ಡೇಟಾಸಿಂಕ್. ಪ್ರತಿ ಸಾಲಿಗೂ ಸಿಂಕ್ ಮಾಡಿದರೆ ಎಸ್‌ಡಿ ಕಾರ್ಡ್ ಬೇಗ ಸವೆಯುತ್ತದೆ. ಇವುಗಳ ರಿಟರ್ನ್ ಮೌಲ್ಯವನ್ನು ನೋಡದೆ ಬಿಡಬೇಡಿ, ಡಿಸ್ಕ್ ತುಂಬಿದ ಸುದ್ದಿ ಬರುವುದೂ ಅಲ್ಲಿಂದಲೇ. ಎಲ್ಲಾದರೂ ನೇರ ರೈಟ್ ಉಳಿಸಿಕೊಂಡಿದ್ದರೆ, ಕೇಳಿದ್ದಕ್ಕಿಂತ ಕಡಿಮೆ ಬೈಟ್ ಬರೆದು ಮರಳುವುದು ಅದರ ಹಕ್ಕು. ಉಳಿದದ್ದನ್ನು ಲೂಪ್ ಹಾಕಿ ನೀವೇ ಬರೆಯಬೇಕು.

ಪ್ರಶ್ನೆ: ಸಮಯ ಕೇಳುವ ಕ್ಲಾಕ್_ಗೆಟ್‌ಟೈಮ್ ಅನ್ನು ಸಾವಿರ ಸಲ ಕರೆದರೂ ಎಸ್‌ಟ್ರೇಸ್ ಒಂದನ್ನೂ ತೋರಿಸುವುದಿಲ್ಲವಲ್ಲ? — ಯಲಹಂಕ

ಉತ್ತರ: ಅದು ಕರ್ನಲ್‌ಗೆ ಹೋಗುವುದೇ ಇಲ್ಲ. ವಿಡಿಎಸ್‌ಓ ಎಂಬ ಸಣ್ಣ ತುಣುಕನ್ನು ಕರ್ನಲ್ ಪ್ರತಿ ಪ್ರೋಗ್ರಾಂನ ಮೆಮರಿಯಲ್ಲಿ ಜೋಡಿಸಿರುತ್ತದೆ. ಅದು ಗಡಿಯಾರವನ್ನು ಅಲ್ಲೇ ಓದಿ ಮುಗಿಸುತ್ತದೆ. ಕೆಲವು ವರ್ಚುವಲ್ ಮಶೀನ್‌ಗಳಲ್ಲಿ ಆ ಗಡಿಯಾರ ಹಾಗೆ ಓದಲು ಬರುವಂಥದ್ದಲ್ಲ. ಅಲ್ಲಿ ನಿಜವಾದ ಸಿಸ್ಟಂ ಕಾಲ್ ನಡೆಯುತ್ತದೆ, ಎಸ್‌ಟ್ರೇಸ್‌ಗೂ ಸಿಗುತ್ತದೆ.

ಪ್ರಶ್ನೆ: ಎಸ್‌ಪಿ ರಸ್ತೆಯಲ್ಲಿ ಕೊಂಡ ಹಳೇ ಇಂಟೆಲ್ ಲ್ಯಾಪ್‌ಟಾಪಿಗೆ ಹೊಸ ಲಿನಕ್ಸ್ ಹಾಕಿದ ಮೇಲೆ ಸಣ್ಣ ಫೈಲುಗಳ ಕೆಲಸ ನಿಧಾನ. ಬೂಟ್ ಸಾಲಿಗೆ ‘ನೋಪಿಟಿಐ’ ಸೇರಿಸಲೇ? — ಮಲ್ಲೇಶ್ವರ

ಉತ್ತರ: ಬ್ರೌಸರ್ ತೆರೆಯುವ ಮಶೀನ್ ಆದರೆ ಬೇಡ. 2018ರ ಜನವರಿಯಲ್ಲಿ ಬಯಲಾದ, ಪ್ರೋಗ್ರಾಂ ಕರ್ನಲ್‌ನ ಮೆಮರಿಯನ್ನು ಕದ್ದು ಓದಬಹುದಾದ ಮೆಲ್ಟ್‌ಡೌನ್ ದೋಷಕ್ಕೆ ಪರಿಹಾರವಾಗಿ ಕರ್ನಲ್ ತನ್ನ ಮೆಮರಿಯನ್ನು ಪ್ರೋಗ್ರಾಂನ ಪೇಜ್ ಟೇಬಲಿನಿಂದ (ಮೆಮರಿ ವಿಳಾಸಗಳ ನಕ್ಷೆ) ಬೇರ್ಪಡಿಸಿತು. ‘ನೋಪಿಟಿಐ’ ಈ ರಕ್ಷಣೆಯನ್ನು ತೆಗೆದುಹಾಕುತ್ತದೆ. ಆಗಿನಿಂದ ಪ್ರತಿ ಸಿಸ್ಟಂ ಕಾಲ್‌ಗೂ ಒಳಗೆ ಹೋಗುವಾಗ, ಹೊರಗೆ ಬರುವಾಗ ಟೇಬಲ್ ಬದಲಾಗಬೇಕು. ಸಣ್ಣ ಫೈಲುಗಳ ಕೆಲಸದಲ್ಲಿ ಓಪನ್, ರೀಡ್, ಕ್ಲೋಸ್‌ಗಳೇ ಹೆಚ್ಚು, ಹಾಗಾಗಿ ಪೆಟ್ಟು ಅಲ್ಲೇ ಕಾಣುತ್ತದೆ. ಆದರೆ ಮೊದಲು ಡಿಸ್ಕ್ ಯಾವುದೆಂದು ನೋಡಿ. ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸುವುದೇ ದೊಡ್ಡ ಲಾಭ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ಸ್ವಂತ ಸಿಸ್ಟಂ ಕಾಲ್ ಸೇರಿಸಿ ಕರ್ನಲ್ ಕಂಪೈಲ್ ಮಾಡಿದೆವು, ದೋಷವಿಲ್ಲದೆ ಮುಗಿಯಿತು. ಕರೆದರೆ -1, ಎರ್‌ನೋ (ದೋಷದ ಸಂಖ್ಯೆ) 38. — ಮೂವರು ವಿದ್ಯಾರ್ಥಿಗಳು, ವಿಜಯನಗರ

ಉತ್ತರ: 38 ಎಂದರೆ ‘ಆ ನಂಬರಿನ ಕಾಲ್ ಇಲ್ಲ’. ಕಂಪೈಲ್ ಆಗಬೇಕಾದವನ್ನು ಪಟ್ಟಿ ಮಾಡುವ ಮೇಕ್‌ಫೈಲಿಗೆ ನಿಮ್ಮ ಫೈಲ್ ಸೇರಿಸಲು ಮರೆತಿದ್ದರೆ ಲಿಂಕ್ ಮಾಡುವಾಗಲೇ ಗಲಾಟೆ ಆಗುತ್ತಿತ್ತು, ಆದ್ದರಿಂದ ಅದಲ್ಲ. ಬಹುಶಃ ಹಳೇ ಕರ್ನಲ್ಲೇ ಬೂಟ್ ಆಗಿದೆ. ಯುನೇಮ್ -ಆರ್ ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದೆಂದು ನೋಡಿ. ಮುಂದಿನ ಸಲ ಗೊಂದಲವಾಗದಂತೆ ಕಾನ್ಫಿಗ್‌ನಲ್ಲಿ ಲೋಕಲ್‌ವರ್ಷನ್‌ಗೆ ನಿಮ್ಮದೊಂದು ಗುರುತು ಹಾಕಿ, ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಅದನ್ನೇ ಆರಿಸಿ. ಬೂಟ್ ಸರಿಯಿದ್ದರೆ, ಸಿಸ್ಕಾಲ್_64.ಟಿಬಿಎಲ್ ಫೈಲಿನಲ್ಲಿ ನೀವು ಬರೆದ ನಂಬರೂ ಪರೀಕ್ಷಾ ಪ್ರೋಗ್ರಾಂನಲ್ಲಿ ಕೊಟ್ಟದ್ದೂ ಒಂದೇ ತಾನೇ, ನೋಡಿ. 512ರಿಂದ 547ರವರೆಗಿನವು ಬೇರೆ ಬಳಕೆಗೆ ಮೀಸಲು, ಅವನ್ನು ಮುಟ್ಟಬೇಡಿ.

ಇದು ಸರಿಹೋದ ಮೇಲೆ ಮುಂದಿನ ಗುಂಡಿ ಯಾವುದೆಂದು ಈಗಲೇ ಹೇಳಿಬಿಡುತ್ತೇವೆ. ಪ್ರೋಗ್ರಾಂ ಕಳಿಸಿದ ಪಾಯಿಂಟರನ್ನು ಕರ್ನಲ್ ಒಳಗೆ ನೇರ ಓದಬೇಡಿ. ಈಚಿನ ಪ್ರೊಸೆಸರ್‌ಗಳಲ್ಲಿ ಎಸ್‌ಎಂಎಪಿ ಎಂಬ ರಕ್ಷಣೆ ತಡೆದು ಕರ್ನಲ್ ‘ಊಪ್ಸ್’ ಎಂದು ದೋಷ ವರದಿ ಮಾಡುತ್ತದೆ. ಕಾಪಿ_ಫ್ರಂ_ಯೂಸರ್ ಬಳಸಿ. ಅದು ಸೊನ್ನೆ ಕೊಟ್ಟರೆ ಎಲ್ಲ ನಕಲಾಯಿತು, ಬೇರೆ ಸಂಖ್ಯೆ ಕೊಟ್ಟರೆ ಅಷ್ಟು ಬೈಟ್ ಉಳಿಯಿತು ಎಂದರ್ಥ. ಆ ಸಂಖ್ಯೆಯನ್ನು ಹಾಗೇ ರಿಟರ್ನ್ ಮಾಡದೆ -ಇಫಾಲ್ಟ್ (ಮೇಲೆ ಕಂಡ -14, ‘ಕೆಟ್ಟ ವಿಳಾಸ’) ಕೊಡಿ.