ಬೀಜಕದ ಭಿತ್ತಿಯನ್ನು ಕಟ್ಟುವುದು ತಾಯಿಕೋಶವೋ, ಬೀಜಕವೋ?

ಶಿಲೀಂಧ್ರದ ಬೀಜಕದ (ಸ್ಪೋರ್, ಅಂದರೆ ಹೊಸ ಕೋಶವಾಗಿ ಬೆಳೆಯಬಲ್ಲ ಸಂತಾನಕಣದ) ಸುತ್ತಲಿನ ದಪ್ಪ ಭಿತ್ತಿ ತಾಯಿಕೋಶದಿಂದ ಬಂದದ್ದೋ ಅಥವಾ ಬೀಜಕ ತಾನೇ ಕಟ್ಟಿಕೊಂಡದ್ದೋ ಎಂದು ಕೇಳಿದ್ದೀರಿ. ಎಲ್ಲ ಶಿಲೀಂಧ್ರಗಳಿಗೂ ಸಲ್ಲುವ ಒಂದೇ ಉತ್ತರ ಇದಕ್ಕಿಲ್ಲ. ಆದ್ದರಿಂದ ಬ್ರೆಡ್ ಉಬ್ಬಿಸುವ ಯೀಸ್ಟನ್ನೇ, ಅಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಸಾರಜನಕವಾಗಲಿ ಸಕ್ಕರೆಯಾಗಲಿ ಸಿಗದೆ ಅಸಿಟೇಟ್ ಮಾತ್ರ ದೊರೆತಾಗ ಈ ಯೀಸ್ಟಿನ ದ್ವಿಗುಣಿತ ಕೋಶವು, ಅಂದರೆ ವರ್ಣತಂತುಗಳ ಎರಡು ಪ್ರತಿಗಳುಳ್ಳ ಕೋಶವು, ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ವಿಭಜನೆಗೆ ತೊಡಗುತ್ತದೆ. ಎರಡನೆಯ ವಿಭಜನೆಯ ಹೊತ್ತಿಗೆ ಎರಡು ಕದಿರುಗಳ, ಅಂದರೆ ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಎಳೆಗಳ ಕಟ್ಟುಗಳ, ನಾಲ್ಕು ತುದಿಗಳಲ್ಲೂ ಸಣ್ಣ ಸಣ್ಣ ಪೊರೆಚೀಲಗಳು ಒಂದರೊಡನೊಂದು ಬೆಸೆದುಕೊಂಡು, ಬಟ್ಟಲಿನಂತೆ ಹರಡಿ, ಕೋಶಕೇಂದ್ರದ ಒಂದು ಪಾಲನ್ನೂ ಸ್ವಲ್ಪ ಕೋಶರಸವನ್ನೂ ಒಳಗಿಟ್ಟುಕೊಂಡು ಬಾಯಿ ಮುಚ್ಚಿಕೊಳ್ಳುತ್ತವೆ. ಹೀಗೆ ಪ್ರತಿ ಬೀಜಕಕ್ಕೂ ಎರಡು ಪೊರೆಗಳ ಹೊದಿಕೆ ಸಿಗುತ್ತದೆ. ಭಿತ್ತಿಯ ನಿರ್ಮಾಣ ಆರಂಭವಾಗುವುದು ಇವೆರಡರ ನಡುವಿನ ಕಿರಿದಾದ ತೆರಪಿನಲ್ಲಿ.

ಅಲ್ಲಿ ಮೊದಲು ಮ್ಯಾನನ್, ಬಳಿಕ ಅದರ ಹೊರಗೆ ಬೀಟಾ ಗ್ಲೂಕನ್ ಪದರ ಕೂಡುತ್ತದೆ; ಎರಡೂ ಸಕ್ಕರೆ ಅಣುಗಳ ಉದ್ದನೆಯ ಸರಪಳಿಗಳು. ಸಾಮಾನ್ಯ ಯೀಸ್ಟ್ ಕೋಶದಲ್ಲಿ ಗ್ಲೂಕನ್ ಒಳಗೂ ಮ್ಯಾನನ್ ಹೊರಗೂ ಇರುತ್ತವೆ. ಬೀಜಕದಲ್ಲಿ ಈ ಕ್ರಮ ತಿರುವುಮುರುವಾಗಿರುವುದು ನನಗೆ ಇಂದಿಗೂ ಬೆರಗಿನ ಸಂಗತಿ. ಆಮೇಲೆ ಹೊರಪೊರೆ ಕರಗಿಹೋಗುತ್ತದೆ. ಮುಂದೆ ಕೂಡುವ ಮೂರನೆಯ ಪದರ ಕೈಟೊಸಾನಿನದು: ಕೈಟಿನ್ (ಕೀಟಗಳ ಹೊರಚಿಪ್ಪಿನಲ್ಲೂ ಇರುವ ಗಟ್ಟಿ ವಸ್ತು) ತಯಾರಾದಂತೆ ಕಿಣ್ವಗಳು ಅದರ ಅಸಿಟೈಲ್ ಗುಂಪುಗಳನ್ನು ಕಳಚಿ ಕೈಟೊಸಾನ್ ಮಾಡುತ್ತವೆ. ಕೊನೆಯ, ಅತ್ಯಂತ ಹೊರಗಿನ ಪದರದ ಮುಖ್ಯ ವಸ್ತು ಡೈಟೈರೋಸಿನ್. ಟೈರೋಸಿನ್ ಅಮೈನೋ ಆಮ್ಲದ ಎರಡು ಅಣುಗಳು ಬೆಸೆದು ಆಗುವ ಈ ಸಂಯುಕ್ತದ ಬಿಡಿ ಘಟಕಗಳನ್ನು ಬೀಜಕವು ತನ್ನ ಕೋಶರಸದಲ್ಲೇ ಡಿಐಟಿ1 ಮತ್ತು ಡಿಐಟಿ2 ಎಂಬ ಜೀನ್‌ಗಳ ಕಿಣ್ವಗಳಿಂದ ಸಿದ್ಧಪಡಿಸಿ ಹೊರಗೆ ಕಳಿಸುತ್ತದೆ. ನೇರಳಾತೀತ ಬೆಳಕು ಬಿದ್ದಾಗ ಇದು ನೀಲಿಯಾಗಿ ಹೊಳೆಯುವುದರಿಂದ, ಬೀಜಕಗಳು ಪೂರ್ಣವಾಗಿ ರೂಪುಗೊಂಡಿವೆಯೇ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಇದೇ ಹೊಳಪನ್ನು ನೋಡುತ್ತಾರೆ.

ಹಾಗಾದರೆ ತಾಯಿಕೋಶದ ಭಿತ್ತಿ ಏನಾಯಿತು? ಅದು ನಾಲ್ಕೂ ಬೀಜಕಗಳನ್ನು ಒಟ್ಟಾಗಿ ಹಿಡಿದಿಡುವ ಚೀಲವಾಗಿ, ಅಂದರೆ ಆಸ್ಕಸ್ ಆಗಿ ಉಳಿಯುತ್ತದೆಯೇ ಹೊರತು ಬೀಜಕದ ಭಿತ್ತಿಯೊಂದಿಗೆ ಬೆರೆಯುವುದಿಲ್ಲ. ಬಸವನಹುಳುವಿನ ಜೀರ್ಣರಸದಿಂದ ಈ ಚೀಲವನ್ನು ಕರಗಿಸಿ ಬೀಜಕಗಳನ್ನು ಬಿಡಿಸುವ ವಿಧಾನ 1959ರಲ್ಲಿ ಪ್ರಕಟವಾಯಿತು. ಚೀಲದ ಗ್ಲೂಕನ್ನನ್ನು ಕರಗಿಸುವ ಆ ರಸ ಬೀಜಕದ ಗ್ಲೂಕನ್ನನ್ನು ಮುಟ್ಟಲಾರದು, ಏಕೆಂದರೆ ಅದರ ಮೇಲೆ ಕೈಟೊಸಾನ್ ಮತ್ತು ಡೈಟೈರೋಸಿನ್ ಪದರಗಳ ಕಾವಲಿರುತ್ತದೆ.